ಪಾರಸಿ ಭಾಷಿಕರ ವಿದ್ವತ್ ಇಂಗ್ಲಿಷಿನಲ್ಲಿ ಪದಗುಚ್ಛ ಕ್ರಿಯಾಪದಗಳ ಬಳಕೆ

ಇರಾನಿನ ವಿಶ್ವವಿದ್ಯಾಲಯಗಳಲ್ಲಿ ಸಂಶೋಧನೆ ನಡೆಸುವವರ ಬರವಣಿಗೆ ಎರಡು ಭಾಷೆಗಳ ನಡುವೆ ಹಂಚಿಹೋಗಿದೆ. ತರಗತಿಯ ಪಾಠ, ವಿಭಾಗದ ಚರ್ಚೆ, ಮಹಾಪ್ರಬಂಧದ ಮೌಖಿಕ ಪರೀಕ್ಷೆ ಬಹುಮಟ್ಟಿಗೆ ಪಾರಸಿಯಲ್ಲಿ, ಅಂದರೆ ಪರ್ಷಿಯನ್ ಭಾಷೆಯಲ್ಲಿ, ನಡೆಯುತ್ತವೆ. ಆದರೆ ಅಂತರರಾಷ್ಟ್ರೀಯ ಸೂಚಿಗಳಿಗೆ ಸೇರಿದ ನಿಯತಕಾಲಿಕೆಗಳಲ್ಲಿನ ಪ್ರಕಟಣೆಯನ್ನು ಡಾಕ್ಟರೇಟ್ ಪದವಿಗೂ ಅಧ್ಯಾಪಕರ ಬಡ್ತಿಗೂ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಅಲ್ಲಿ ಬಲವಾಗಿರುವುದರಿಂದ, ಅದೇ ಸಂಶೋಧನೆ ಇಂಗ್ಲಿಷಿನಲ್ಲಿಯೂ ರೂಪ ತಾಳಬೇಕಾಗುತ್ತದೆ. ಇಂತಹ ಲೇಖನಗಳು ಪರಿಶೀಲಕರ ಬಳಿಗೆ ಹೋದಾಗ ವಸ್ತುವಿನ ಬಗ್ಗೆ ಆಕ್ಷೇಪವಿಲ್ಲದೆಯೂ ಭಾಷೆ ಸಹಜವಾಗಿಲ್ಲ ಎಂಬ ಟಿಪ್ಪಣಿಯೊಡನೆ ಮರಳುವುದುಂಟು. ವ್ಯಾಕರಣದ ತಪ್ಪನ್ನು ಬೆರಳಿಟ್ಟು ತೋರಿಸಬಹುದು. ಸಹಜತೆಯ ಕೊರತೆಯನ್ನು ಹಾಗೆ ತೋರಿಸುವುದು ಕಷ್ಟ. ಅದನ್ನು ವಿವರಿಸಲು ಹೊರಟ ಅನ್ವಯಿಕ ಭಾಷಾವಿಜ್ಞಾನಿಗಳು ಮತ್ತೆ ಮತ್ತೆ ಗಮನಿಸಿದ ಲಕ್ಷಣಗಳಲ್ಲಿ ಒಂದು, ಇಂಗ್ಲಿಷಿನಲ್ಲಿ "ಫ್ರೇಸಲ್ ವರ್ಬ್" ಎಂದು ಕರೆಯಲಾಗುವ ಪದಗುಚ್ಛ ಕ್ರಿಯಾಪದಗಳ ವಿರಳತೆ.

ಈ ವಿರಳತೆಯನ್ನು ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ವಿವರಿಸಿಬಿಡುತ್ತಾರೆ: ಪಾರಸಿಯಲ್ಲಿ ಅಂತಹ ಕ್ರಿಯಾಪದಗಳಿಲ್ಲ, ಆದ್ದರಿಂದ ಪಾರಸಿ ಭಾಷಿಕರು ಅವನ್ನು ದೂರವಿಡುತ್ತಾರೆ. ಈ ವಿವರಣೆ ಅರ್ಧ ಮಾತ್ರ ಸರಿ. ತಾಯ್ನುಡಿಯ ರಚನೆ, ಎರಡನೆಯ ಭಾಷೆಯ ಕಲಿಕೆಯ ಸ್ವಭಾವ, ವಿದ್ವತ್ ಶೈಲಿಯ ಬಗೆಗಿನ ಉಪದೇಶ ಎಂಬ ಮೂರು ಬೇರೆ ಬೇರೆ ಕಾರಣಗಳು ಇಲ್ಲಿ ಒಂದೇ ಫಲವನ್ನು ಕೊಡುತ್ತವೆ. ಅವುಗಳನ್ನು ಬಿಡಿಸಿ ನೋಡಿದಾಗಲಷ್ಟೇ ಈ ವಿರಳತೆ ಎಲ್ಲಿ ನಿರುಪದ್ರವಿ, ಎಲ್ಲಿ ವಾದವನ್ನೇ ದುರ್ಬಲಗೊಳಿಸುತ್ತದೆ ಎಂಬುದು ತಿಳಿಯುತ್ತದೆ.

ಪದಗುಚ್ಛ ಕ್ರಿಯಾಪದದ ಸ್ವರೂಪ

ಒಂದು ಕ್ರಿಯಾಪದ ಮತ್ತು ಒಂದು ಅವ್ಯಯ ಕೂಡಿ ಒಂದೇ ಅರ್ಥಘಟಕವಾಗಿ ನಿಂತಾಗ ಅದು ಪದಗುಚ್ಛ ಕ್ರಿಯಾಪದ. "ಕ್ಯಾರಿ" ಎಂದರೆ ಹೊರು, "ಔಟ್" ಎಂದರೆ ಹೊರಗೆ; ಆದರೆ "ಕ್ಯಾರಿ ಔಟ್" ಎಂದರೆ ಹೊರಗೆ ಹೊತ್ತುಕೊಂಡು ಹೋಗುವುದಷ್ಟೇ ಅಲ್ಲ, ಕೈಗೊಂಡದ್ದನ್ನು ನಡೆಸಿ ಪೂರೈಸುವುದು. ಕರ್ಮಪದವು ಈ ಎರಡು ಭಾಗಗಳ ನಡುವೆ ಬರಬಲ್ಲುದು ಎಂಬುದು ಇದರ ವ್ಯಾಕರಣ ಲಕ್ಷಣ: "ಕ್ಯಾರಿ ಔಟ್ ದ ಸ್ಟಡಿ" ಎಂದೂ "ಕ್ಯಾರಿ ದ ಸ್ಟಡಿ ಔಟ್" ಎಂದೂ ಹೇಳಬಹುದು. ಕರ್ಮವು ಸರ್ವನಾಮವಾಗಿದ್ದರೆ ನಡುವೆ ಬರುವುದು ಅನಿವಾರ್ಯ: "ಕ್ಯಾರಿ ಇಟ್ ಔಟ್". ಇದಕ್ಕೆ ಹೊರನೋಟದಲ್ಲಿ ಹೋಲುವ "ಅಕೌಂಟ್ ಫಾರ್" (ಕಾರಣ ಒದಗಿಸು), "ಡ್ರಾ ಆನ್" (ಆಧಾರವಾಗಿ ಬಳಸಿಕೊ) ಮೊದಲಾದವು ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ವ್ಯಾಕರಣಕಾರರು ಅವನ್ನು ಉಪಸರ್ಗಾಧೀನ ಕ್ರಿಯಾಪದಗಳೆಂಬ ಬೇರೊಂದು ವರ್ಗದಲ್ಲಿ ಇಡುತ್ತಾರೆ. ಕಲಿಸುವವರು ಎರಡನ್ನೂ ಒಟ್ಟಾಗಿ ಕಲಿಸುತ್ತಾರೆ.

ಅರ್ಥದ ನೆಲೆಯಲ್ಲಿ ಇವುಗಳಿಗೆ ಮೂರು ಮೆಟ್ಟಿಲುಗಳಿವೆ. "ಗೋ ಔಟ್" (ಹೊರಗೆ ಹೋಗು) ಎಂಬಲ್ಲಿ ಅವ್ಯಯ ತನ್ನ ದಿಕ್ಕಿನ ಅರ್ಥವನ್ನೇ ಉಳಿಸಿಕೊಂಡಿದೆ. "ಯೂಸ್ ಅಪ್" (ಬಳಸಿ ಮುಗಿಸು) ಎಂಬಲ್ಲಿ "ಅಪ್" ಮೇಲಕ್ಕೆ ಎಂಬುದನ್ನಲ್ಲ, ಕ್ರಿಯೆಯ ಪೂರ್ಣತೆಯನ್ನು ಹೇಳುತ್ತದೆ. "ಗಿವ್ ಅಪ್" (ಕೈಬಿಡು) ಎಂಬಲ್ಲಿ ಬಿಡಿ ಪದಗಳಿಂದ ಇಡೀ ಅರ್ಥವನ್ನು ಊಹಿಸಲಾಗದು.

ಈ ರೂಪಗಳು ಇಂಗ್ಲಿಷಿನ ಆಳದಲ್ಲಿವೆ. ಹಳೆಯ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಕ್ರಿಯಾಪದದ ಮುಂದೆ ನಿಲ್ಲುತ್ತಿದ್ದ ಇಂತಹ ಅಂಶಗಳು ಮಧ್ಯಕಾಲೀನ ಇಂಗ್ಲಿಷಿನ ಹೊತ್ತಿಗೆ ಅದರ ಹಿಂದೆ ನೆಲೆಯಾದವು. ಅದೇ ಕಾಲದಲ್ಲಿ, 1066ರ ನಾರ್ಮನ್ ವಿಜಯದ ಅನಂತರ, ಆಡಳಿತ ಮತ್ತು ವಿದ್ಯೆಯ ವಲಯಕ್ಕೆ ಫ್ರೆಂಚ್, ಲ್ಯಾಟಿನ್ ಮೂಲದ ಏಕಪದ ಕ್ರಿಯಾಪದಗಳು ಧಾರಾಳವಾಗಿ ಬಂದವು. ಹೀಗೆ ಒಂದೇ ಕೆಲಸಕ್ಕೆ ಮನೆಮಾತಿನ ಜೋಡಿಪದ ಒಂದು, ಓದಿದವರ ಒಂಟಿಪದ ಇನ್ನೊಂದು ಎಂಬ ಎರಡು ಅಂತಸ್ತಿನ ಶಬ್ದಸಂಪತ್ತು ಬೆಳೆಯಿತು. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲಿಯೇ ಈ ಜೋಡಿಗಳು ವಿದೇಶೀಯರಿಗೆ ಬಹಳ ತೊಡಕಿನವೆಂದು ಗುರುತಿಸಿ, ಅವನ್ನು ವಿಶೇಷ ಗಮನದಿಂದ ಸಂಗ್ರಹಿಸಿದ್ದಾಗಿ ಹೇಳಿದ್ದಾನೆ. "ಫ್ರೇಸಲ್ ವರ್ಬ್" ಎಂಬ ಹೆಸರನ್ನು ಬಳಕೆಗೆ ತಂದವನು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್. ಅದನ್ನು ಸೂಚಿಸಿದವನು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ.

ಬಳಕೆಯ ಪ್ರಮಾಣವೂ ಗಮನಾರ್ಹ. ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವೀಸ್ 2007ರಲ್ಲಿ ಹತ್ತು ಕೋಟಿ ಪದಗಳ ಬ್ರಿಟಿಷ್ ರಾಷ್ಟ್ರೀಯ ಪಠ್ಯಕೋಶವನ್ನು ಪರಿಶೀಲಿಸಿ, ಕೇವಲ 20 ಕ್ರಿಯಾಪದಗಳು 8 ಅವ್ಯಯಗಳೊಡನೆ ಕೂಡಿ ಒಟ್ಟು ಬಳಕೆಯ ಅರ್ಧಕ್ಕಿಂತ ಹೆಚ್ಚು ಪಾಲನ್ನು ಪೂರೈಸುತ್ತವೆಂದು ತೋರಿಸಿದರು. ಅಂದರೆ ಕಲಿಯಬೇಕಾದ ಬಿಡಿಪದಗಳು ಕೆಲವೇ. ಆದರೆ ಅತಿ ಬಳಕೆಯ 100 ಜೋಡಿಗಳಿಗೆ ಸರಾಸರಿ ಐದಕ್ಕೂ ಹೆಚ್ಚು ಅರ್ಥಗಳಿರುವುದೂ ಅದೇ ಅಧ್ಯಯನದಿಂದ ತಿಳಿದುಬಂತು. ಕಷ್ಟವಿರುವುದು ಪದಗಳ ಸಂಖ್ಯೆಯಲ್ಲಲ್ಲ, ಅರ್ಥಗಳ ಹರಹಿನಲ್ಲಿ.

ಪಾರಸಿಯಲ್ಲಿ ಕ್ರಿಯೆ ಕಟ್ಟುವ ಬಗೆ

ಆಧುನಿಕ ಪಾರಸಿಯಲ್ಲಿ ಸರಳ ಕ್ರಿಯಾಪದಗಳು ಬಹಳ ಕಡಿಮೆ. ಭಾಷಾವಿಜ್ಞಾನಿಗಳ ಎಣಿಕೆಯಂತೆ ಅವು ಸುಮಾರು 250. ಅವುಗಳಲ್ಲಿಯೂ ಅರ್ಧದಷ್ಟು ಮಾತ್ರ ಇಂದು ಚಾಲ್ತಿಯಲ್ಲಿವೆ. ಉಳಿದ ಕ್ರಿಯೆಗಳನ್ನೆಲ್ಲ ಭಾಷೆ ಸಂಯುಕ್ತ ರೂಪದಿಂದ ಕಟ್ಟಿಕೊಳ್ಳುತ್ತದೆ: ಮೊದಲು ಒಂದು ನಾಮಪದ ಅಥವಾ ವಿಶೇಷಣ, ಅದರ ಹಿಂದೆ ಅರ್ಥ ಸವೆದ ಹಗುರ ಕ್ರಿಯಾಪದ. ಕರ್ದನ್ (ಮಾಡು), ಶೊದನ್ (ಆಗು), ದಾದನ್ (ಕೊಡು), ಜದನ್ (ಹೊಡೆ), ಖೊರ್ದನ್ (ತಿನ್ನು), ಗೆರೆಫ್ತನ್ (ಹಿಡಿ, ತೆಗೆದುಕೊ), ಕೆಶೀದನ್ (ಎಳೆ) ಮುಂತಾದವು ಈ ಕೆಲಸವನ್ನು ಹೊತ್ತಿವೆ. ಹರ್ಫ್ ಜದನ್, ಅಕ್ಷರಶಃ ಮಾತು ಹೊಡೆ, ಎಂದರೆ ಮಾತಾಡು. ಯಾದ್ ಗೆರೆಫ್ತನ್, ನೆನಪು ಹಿಡಿ, ಎಂದರೆ ಕಲಿ. ಯಾದ್ ದಾದನ್, ನೆನಪು ಕೊಡು, ಎಂದರೆ ಕಲಿಸು.

ಕನ್ನಡಿಗರಿಗೆ ಇವುಗಳಲ್ಲಿ ಕೆಲವು ತೀರ ಪರಿಚಿತವೆನಿಸುತ್ತವೆ. ಗೂಶ್ ದಾದನ್ ಎಂಬುದು ಪದಶಃ ಕಿವಿಗೊಡು; ಅರ್ಥವೂ ಅದೇ. ಕೊತಕ್ ಖೊರ್ದನ್ ಎಂದರೆ ಪೆಟ್ಟು ತಿನ್ನು. ಆದರೆ ದಸ್ತ್ ದಾದನ್, ಕೈಕೊಡು, ಎಂಬುದು ಅಲ್ಲಿ ಹಸ್ತಲಾಘವ, ಇಲ್ಲಿ ವಂಚನೆ. ರಚನೆ ಒಂದೇ ಆದರೂ ನುಡಿಗಟ್ಟಿನ ಅರ್ಥ ಆಯಾ ಭಾಷೆಯ ಸ್ವಂತದ್ದು ಎಂಬುದಕ್ಕೆ ಈ ಜೋಡಿ ಸಾಕ್ಷಿ.

ವಿದ್ವತ್ ಗದ್ಯದಲ್ಲಿ ಈ ರಚನೆಯ ನಾಮಪದ ಭಾಗವು ಬಹುಪಾಲು ಅರಬ್ಬಿ ಮೂಲದ್ದು. ತಹ್ಕೀಕ್ ಕರ್ದನ್ ಎಂದರೆ ಸಂಶೋಧಿಸು, ತೊಸೀಫ್ ಕರ್ದನ್ ಎಂದರೆ ವರ್ಣಿಸು, ನತೀಜೆ ಗೆರೆಫ್ತನ್ ಎಂದರೆ ತೀರ್ಮಾನಕ್ಕೆ ಬಾ, ಎಶಾರೆ ಕರ್ದನ್ ಎಂದರೆ ಸೂಚಿಸು, ರದ್ದ್ ಕರ್ದನ್ ಎಂದರೆ ತಿರಸ್ಕರಿಸು. ಇವುಗಳ ಜೊತೆಗೆ ಅಂಜಾಮ್ ದಾದನ್ (ನಡೆಸು, ಪೂರೈಸು), ನೆಶಾನ್ ದಾದನ್ (ತೋರಿಸು) ಎಂಬಂತಹ ಅಚ್ಚ ಪಾರಸಿ ಜೋಡಿಗಳೂ ಇವೆ.

ಸಂಯುಕ್ತ ರೂಪದ ಈ ಪ್ರಾಬಲ್ಯವನ್ನು ಇರಾನಿನ ವಿದ್ವಾಂಸರೆಲ್ಲರೂ ಸಮಾಧಾನದಿಂದ ಕಂಡಿಲ್ಲ. ಭಾಷಾವಿಜ್ಞಾನಿ ಮೊಹಮ್ಮದ್ ರೆಜಾ ಬಾತೆನಿ 1980ರ ದಶಕದ ಕೊನೆಯಲ್ಲಿ, ಪಾರಸಿ ಬಂಜೆ ಭಾಷೆಯೇ ಎಂದು ಶೀರ್ಷಿಕೆಯಲ್ಲಿಯೇ ಕೇಳಿ ಬರೆದ ಪ್ರಬಂಧ ಪ್ರಸಿದ್ಧ. ಸರಳ ಕ್ರಿಯಾಪದದಿಂದ ಹೊಸ ನಾಮಪದ, ವಿಶೇಷಣಗಳನ್ನು ಸುಲಭವಾಗಿ ಹುಟ್ಟಿಸಬಹುದು. ಸಂಯುಕ್ತ ಕ್ರಿಯಾಪದದಿಂದ ಹಾಗಾಗದು. ಆದ್ದರಿಂದ ವಿಜ್ಞಾನದ ಪರಿಭಾಷೆ ಬೆಳೆಯಲು ತೊಡಕಾಗುತ್ತದೆ ಎಂಬುದು ಆತನ ವಾದದ ತಿರುಳು. ಇದಕ್ಕೆ ಎದುರಾಗಿ, ಮೊಹಮ್ಮದ್ ದಬೀರ್ ಮೊಗದ್ದಮ್ 1997ರ ತನ್ನ ಅಧ್ಯಯನದಲ್ಲಿ ಸಂಯುಕ್ತ ಕ್ರಿಯಾಪದಗಳ ರಚನಾಮಾರ್ಗಗಳನ್ನು ವರ್ಗೀಕರಿಸಿ, ಅವು ಭಾಷೆಯ ಸಜೀವ ಉತ್ಪಾದಕ ವ್ಯವಸ್ಥೆಯೆಂಬುದನ್ನು ಕಾಣಿಸಿದ್ದಾನೆ.

ಪಾರಸಿಯಲ್ಲಿ ಅವ್ಯಯ ಸೇರಿದ ಕ್ರಿಯಾಪದಗಳು ಇಲ್ಲವೇ ಇಲ್ಲ ಎಂಬುದು ನಿಖರವಾದ ಮಾತಲ್ಲ. ಬರ್, ದರ್, ಬಾಜ್, ಫರಾ, ಫೊರೂ ಎಂಬ ಪೂರ್ವಾಂಶಗಳು ಕ್ರಿಯಾಪದದ ಮುಂದೆ ಕೂಡುತ್ತವೆ: ಬರ್ ದಾಶ್ತನ್ (ಎತ್ತಿಕೊ), ಬರ್ ಗಶ್ತನ್ (ಹಿಂತಿರುಗು), ದರ್ ಯಾಫ್ತನ್ (ಗ್ರಹಿಸು), ಫೊರೂ ರಫ್ತನ್ (ಮುಳುಗು). ನಿಷೇಧ ಪ್ರತ್ಯಯವು ಎರಡರ ನಡುವೆ ಬರುವುದರಿಂದ (ಬರ್ ನಗಶ್ತ್, ಹಿಂತಿರುಗಲಿಲ್ಲ) ಅವು ಇಂಗ್ಲಿಷಿನ ಜೋಡಿಗಳಂತೆಯೇ ಬೇರ್ಪಡಬಲ್ಲವು. ಆದರೆ ಈ ವರ್ಗ ಇಂದು ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆ. ಹೊಸ ಕ್ರಿಯೆ ಬೇಕಾದಾಗ ಭಾಷೆ ಇತ್ತ ನೋಡುವುದಿಲ್ಲ, ನಾಮಪದ ಮತ್ತು ಹಗುರ ಕ್ರಿಯಾಪದದ ಜೋಡಿಯತ್ತ ಹೋಗುತ್ತದೆ.

ಇಲ್ಲಿಯೇ ಎರಡು ಭಾಷೆಗಳ ನಿಜವಾದ ಅಂತರವಿರುವುದು. ಎರಡೂ ಭಾಷೆಗಳು ಎರಡು ಪದ ಕೂಡಿಸಿ ಒಂದು ಕ್ರಿಯೆ ಕಟ್ಟುತ್ತವೆ. ಎರಡರಲ್ಲಿಯೂ ಕೊಡು, ಹಿಡಿ, ಮಾಡು ಎಂಬಂತಹ ಸಾಮಾನ್ಯ ಕ್ರಿಯಾಪದ ಸವೆದು ಹಗುರಾಗಿರುತ್ತದೆ. ಆದರೆ ಅರ್ಥದ ಭಾರವನ್ನು ಪಾರಸಿ ನಾಮಪದದ ಮೇಲೆ ಹೊರಿಸುತ್ತದೆ, ಇಂಗ್ಲಿಷ್ ಅವ್ಯಯದ ಮೇಲೆ. ತಹ್ಕೀಕ್ ಎಂಬ ನಾಮಪದ ಒಂಟಿಯಾಗಿ ನಿಂತರೂ ಸಂಶೋಧನೆ ಎಂಬ ಅರ್ಥ ಕೈಗೆ ಸಿಗುತ್ತದೆ. "ಔಟ್" ಎಂಬುದು ಒಂಟಿಯಾಗಿ ನಿಂತರೆ ನಡೆಸು ಎಂಬ ಅರ್ಥದ ಸುಳಿವೂ ಸಿಗುವುದಿಲ್ಲ. ಪಾರಸಿಯಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು ಭಾರವಾದ ಪದಕ್ಕೆ ಸಮಾನವಾದ ಭಾರವಾದ ಪದವನ್ನು ಹುಡುಕುತ್ತಾರೆ. ಆಗ ನಿಘಂಟು ಮುಂದಿಡುವುದು "ಇನ್ವೆಸ್ಟಿಗೇಟ್", "ಡಿಸ್ಕ್ರೈಬ್", "ಕನ್‌ಕ್ಲೂಡ್", "ರಿಜೆಕ್ಟ್" ಎಂಬ ಲ್ಯಾಟಿನ್ ಮೂಲದ ಒಂಟಿಪದಗಳನ್ನು. ಪಾರಸಿ ವಿದ್ವತ್ ಗದ್ಯದಲ್ಲಿ ಅರಬ್ಬಿ ಪದಕ್ಕಿರುವ ಗಾಂಭೀರ್ಯವೇ ಇಂಗ್ಲಿಷ್ ವಿದ್ವತ್ ಗದ್ಯದಲ್ಲಿ ಲ್ಯಾಟಿನ್ ಪದಕ್ಕಿದೆ. ಹಾಗಾಗಿ ಈ ಹೊಂದಾಣಿಕೆ ಅರ್ಥದಲ್ಲಿಯೂ ಅಂತಸ್ತಿನಲ್ಲಿಯೂ ಸರಿಯಾಗಿ ಕೂಡಿಕೊಳ್ಳುತ್ತದೆ. ಪದಗುಚ್ಛ ಕ್ರಿಯಾಪದಕ್ಕೆ ಆ ದಾರಿಯಲ್ಲಿ ಎಡೆಯೇ ಸಿಗುವುದಿಲ್ಲ.

ವರ್ಜನೆ ಮತ್ತು ಅದರ ಅಳತೆ

ಕಲಿಯುವವರು ಕಷ್ಟದ ರಚನೆಯನ್ನು ತಪ್ಪಾಗಿ ಬಳಸುವ ಬದಲು ಬಳಸದೆಯೇ ಇರಬಹುದು ಎಂಬ ವಿಚಾರವನ್ನು ಅನ್ವಯಿಕ ಭಾಷಾವಿಜ್ಞಾನದಲ್ಲಿ ಗಟ್ಟಿಯಾಗಿ ಮಂಡಿಸಿದ್ದು ಜಾಕ್ವೆಲಿನ್ ಶಾಕ್ಟರ್ 1974ರಲ್ಲಿ ಪ್ರಕಟಿಸಿದ ಪ್ರಬಂಧ. ಅದರಲ್ಲಿ ಪಾರಸಿ ಭಾಷಿಕರಿಗೂ ಒಂದು ಸ್ಥಾನವಿದೆ. ಇಂಗ್ಲಿಷಿನ ಸಂಬಂಧವಾಚಕ ಉಪವಾಕ್ಯಗಳನ್ನು ಕುರಿತ ಆ ಅಧ್ಯಯನದಲ್ಲಿ ಪಾರಸಿ ಭಾಷಿಕರು ಬರೆದ ಅಂತಹ ಉಪವಾಕ್ಯಗಳು 174, ತಪ್ಪುಗಳು 43; ಅರಬ್ಬಿ ಭಾಷಿಕರದು 154, ತಪ್ಪುಗಳು 31. ಚೀನೀ ಭಾಷಿಕರು ಬರೆದದ್ದು 76, ತಪ್ಪುಗಳು 9. ಜಪಾನಿ ಭಾಷಿಕರು ಬರೆದದ್ದು 63, ತಪ್ಪುಗಳು 5. ತಪ್ಪನ್ನಷ್ಟೇ ಎಣಿಸಿದರೆ ಪಾರಸಿ ಭಾಷಿಕರು ಹಿಂದುಳಿದವರಾಗಿ, ಜಪಾನಿ ಭಾಷಿಕರು ಮುಂದಿರುವವರಾಗಿ ಕಾಣುತ್ತಾರೆ. ಬಳಕೆಯನ್ನು ಎಣಿಸಿದಾಗ ಚಿತ್ರ ತಿರುಗುತ್ತದೆ: ಪಾರಸಿ ಭಾಷಿಕರು ಅಮೆರಿಕದ ವಿದ್ಯಾರ್ಥಿಗಳಷ್ಟೇ (173) ಉಪವಾಕ್ಯಗಳನ್ನು ಬರೆಯುವ ಧೈರ್ಯ ಮಾಡಿದ್ದರು. ಪಾರಸಿಯಲ್ಲಿ ಉಪವಾಕ್ಯವು ಇಂಗ್ಲಿಷಿನಂತೆಯೇ ನಾಮಪದದ ಬಲಕ್ಕೆ ಬರುತ್ತದೆ; ಚೀನೀ, ಜಪಾನಿ ಭಾಷೆಗಳಲ್ಲಿ ಕನ್ನಡದಂತೆ ಎಡಕ್ಕೆ ಬರುತ್ತದೆ. ತಾಯ್ನುಡಿಯ ರಚನೆ ಹತ್ತಿರವಿದ್ದಲ್ಲಿ ಧೈರ್ಯವೂ ತಪ್ಪೂ ಹೆಚ್ಚು. ದೂರವಿದ್ದಲ್ಲಿ ಮೌನ ಹೆಚ್ಚು.

ಪದಗುಚ್ಛ ಕ್ರಿಯಾಪದಗಳಿಗೆ ಈ ವಿಚಾರವನ್ನು ಅನ್ವಯಿಸಿದವರು 1985ರಲ್ಲಿ ಡಗಟ್ ಮತ್ತು ಲೌಫರ್. ತಮ್ಮ ಭಾಷೆಯಲ್ಲಿ ಇಂತಹ ರೂಪವಿಲ್ಲದ ಹೀಬ್ರೂ ಭಾಷಿಕರು ಏಕಪದ ಕ್ರಿಯಾಪದಗಳತ್ತ ಒಲಿಯುತ್ತಾರೆ, ಅದರಲ್ಲಿಯೂ ನುಡಿಗಟ್ಟಿನ ಅರ್ಥದ ಜೋಡಿಗಳನ್ನು ಹೆಚ್ಚಾಗಿ ದೂರವಿಡುತ್ತಾರೆ ಎಂದು ಅವರು ಕಂಡುಕೊಂಡರು. ಆದರೆ 1989ರಲ್ಲಿ ಹುಲ್‌ಸ್ಟೈನ್ ಮತ್ತು ಮಾರ್ಚೆನಾ ಡಚ್ ಭಾಷಿಕರನ್ನು ಪರೀಕ್ಷಿಸಿದಾಗ ತೊಡಕು ಕಾಣಿಸಿತು. ಡಚ್ ಭಾಷೆಯಲ್ಲಿ ಅಂತಹ ಕ್ರಿಯಾಪದಗಳಿವೆ. ಆದರೂ ಕೆಲವು ಇಂಗ್ಲಿಷ್ ಜೋಡಿಗಳನ್ನು, ಅವು ತಮ್ಮ ಭಾಷೆಯ ನುಡಿಗಟ್ಟುಗಳಿಗೆ ಅತಿಯಾಗಿ ಹೋಲುತ್ತವೆಂಬ ಅನುಮಾನದಿಂದಲೇ, ಅವರು ಬಿಟ್ಟಿದ್ದರು. 2004ರಲ್ಲಿ ಲಿಯಾವೊ ಮತ್ತು ಫುಕುಯ ಚೀನೀ ಭಾಷಿಕರಲ್ಲಿ ಮಧ್ಯಮ ಹಂತದವರು ಇವನ್ನು ದೂರವಿಟ್ಟರೂ ಮುಂದುವರಿದ ಹಂತದವರು ತಾಯ್ನುಡಿಗರ ಮಟ್ಟಕ್ಕೆ ಹತ್ತಿರ ಬರುವುದನ್ನು ತೋರಿಸಿದರು. ಹೀಗೆ ತಾಯ್ನುಡಿಯ ರಚನೆ, ಜೋಡಿಯ ಅರ್ಥಸ್ವಭಾವ, ಕಲಿಕೆಯ ಹಂತ ಈ ಮೂರೂ ಫಲಿತವನ್ನು ನಿರ್ಧರಿಸುತ್ತವೆ. ಇರಾನಿನ ವಿದ್ಯಾರ್ಥಿಗಳನ್ನು ಕುರಿತೂ ಇದೇ ಮಾದರಿಯ ಅಧ್ಯಯನಗಳು ನಡೆದಿವೆ.

ಇವನ್ನು ವಿದ್ವತ್ ಬರಹಕ್ಕೆ ಅನ್ವಯಿಸುವಾಗ ಎರಡು ಎಚ್ಚರಿಕೆಗಳು ಬೇಕು. ಮೊದಲನೆಯದನ್ನು ಕ್ಲೈನ್‌ಮನ್ 1977ರಲ್ಲಿಯೇ ಹೇಳಿದ್ದ: ಬಲ್ಲದ್ದನ್ನು ಬಳಸದಿರುವುದು ವರ್ಜನೆ, ಅರಿಯದ್ದನ್ನು ಬಳಸದಿರುವುದು ಕೇವಲ ಅಜ್ಞಾನ. ಪಠ್ಯವನ್ನಷ್ಟೇ ಎಣಿಸಿದರೆ ಈ ಎರಡರ ನಡುವಿನ ವ್ಯತ್ಯಾಸ ಗೋಚರಿಸುವುದಿಲ್ಲ. ಎರಡನೆಯದು, ಮೇಲಿನ ಅಧ್ಯಯನಗಳು ಬಹುಮಟ್ಟಿಗೆ ಆಯ್ಕೆ ಪ್ರಶ್ನೆ, ಅನುವಾದ ಮೊದಲಾದ ಪರೀಕ್ಷೆಗಳನ್ನು ಆಧರಿಸಿವೆ. ಸಂಭಾಷಣೆಯ ವಾಕ್ಯದಲ್ಲಿ "ಗಿವ್ ಅಪ್" ಬರೆಯದಿರುವುದಕ್ಕೂ ರಸಾಯನಶಾಸ್ತ್ರದ ಲೇಖನದಲ್ಲಿ ಅದನ್ನು ಬರೆಯದಿರುವುದಕ್ಕೂ ಒಂದೇ ಅರ್ಥವಿಲ್ಲ. ಎರಡನೆಯ ಸಂದರ್ಭದಲ್ಲಿ ಶೈಲಿಯ ನಿಯಮ ನಡುವೆ ಬಂದು ನಿಲ್ಲುತ್ತದೆ.

ಶೈಲಿಯ ಉಪದೇಶ

ಡಗ್ಲಸ್ ಬೈಬರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಬೃಹತ್ ಇಂಗ್ಲಿಷ್ ವ್ಯಾಕರಣದ ಪ್ರಕಾರ, ಪದಗುಚ್ಛ ಕ್ರಿಯಾಪದಗಳು ಸಂಭಾಷಣೆ ಮತ್ತು ಕಥನ ಸಾಹಿತ್ಯದಲ್ಲಿ ಹತ್ತು ಲಕ್ಷ ಪದಗಳಿಗೆ ಸುಮಾರು 2,000 ಬಾರಿ ಬರುತ್ತವೆ. ವಿದ್ವತ್ ಗದ್ಯದಲ್ಲಿ ಅವುಗಳ ಪ್ರಮಾಣ ಗಣನೀಯವಾಗಿ ಕಡಿಮೆ. ಬರವಣಿಗೆ ಕಲಿಸುವ ಪಠ್ಯಗಳು ಈ ವಾಸ್ತವವನ್ನು ನಿಯಮವಾಗಿ ಮಾರ್ಪಡಿಸಿದವು. 1994ರಲ್ಲಿ ಮೊದಲು ಪ್ರಕಟವಾಗಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸ್ವೇಲ್ಸ್ ಮತ್ತು ಫೀಕ್ ಅವರ ಪಠ್ಯಪುಸ್ತಕವೂ, ಎರಡು ಆಯ್ಕೆಗಳಿದ್ದಲ್ಲಿ ವಿದ್ವತ್ ಶೈಲಿಗೆ ಏಕಪದ ಕ್ರಿಯಾಪದವೇ ಹೆಚ್ಚು ಒಪ್ಪುವುದೆಂದು ತಿಳಿಸಿ ಅಭ್ಯಾಸಗಳನ್ನು ಕೊಡುತ್ತದೆ.

ಮಾತಿನ ಇಂಗ್ಲಿಷ್ ಮನೆಯಲ್ಲಿ ಕಲಿತು ಬಂದ ವಿದ್ಯಾರ್ಥಿಗೆ ಈ ಉಪದೇಶ ಉಪಯುಕ್ತ. ಅವನ ಬರಹದಲ್ಲಿ ಆಡುಮಾತು ಹೆಚ್ಚಾಗಿರುತ್ತದೆ, ಅದನ್ನು ಕಡಿಮೆ ಮಾಡಬೇಕು. ಪುಸ್ತಕದಿಂದಲೇ ಇಂಗ್ಲಿಷ್ ಕಲಿತ ಪಾರಸಿ ಭಾಷಿಕರ ಬರಹದಲ್ಲಿ ಮೊದಲೇ ಏಕಪದಗಳು ತುಂಬಿರುತ್ತವೆ. ಅವರಿಗೆ ಅದೇ ಉಪದೇಶ ಮಾಡಿದಾಗ ಇರುವ ಒಲವು ನಿಷೇಧವಾಗಿ ಗಟ್ಟಿಯಾಗುತ್ತದೆ. "ಕ್ಯಾರಿ ಔಟ್", "ಪಾಯಿಂಟ್ ಔಟ್", "ಸೆಟ್ ಅಪ್" ಮೊದಲಾದವು ವಿದ್ವತ್ ಗದ್ಯದ ಸ್ವಂತ ಪದಗಳಾಗಿಯೇ ನೆಲೆಸಿವೆ, ಅವುಗಳಲ್ಲಿ ಆಡುಮಾತಿನ ವಾಸನೆಯಿಲ್ಲ ಎಂಬುದು ಆ ನಿಷೇಧದಲ್ಲಿ ಮರೆಯಾಗುತ್ತದೆ.

ವಾದಕ್ಕೆ ಪೆಟ್ಟು ಬೀಳುವ ಸ್ಥಳಗಳು

"ಕ್ಯಾರಿ ಔಟ್" ಬದಲಿಗೆ "ಕಂಡಕ್ಟ್" ಬರೆದರೆ ಏನೂ ಕಳೆದುಹೋಗುವುದಿಲ್ಲ. ಇಂತಹ ಸ್ಥಳಗಳಲ್ಲಿ ವಿರಳತೆಯನ್ನು ದೋಷವೆಂದು ಎಣಿಸುವುದೇ ದೋಷ. ಆದರೆ ಕೆಲವು ಜೋಡಿಗಳು ಲೇಖಕನ ನಿಲುವನ್ನೋ ತರ್ಕದ ಹೆಜ್ಜೆಯನ್ನೋ ಹೊತ್ತಿರುತ್ತವೆ. ಅಲ್ಲಿ ಏಕಪದ ಸಮಾನಾರ್ಥಕವಲ್ಲ.

"ಪಾಯಿಂಟ್ ಔಟ್" ಎಂಬುದನ್ನು ಪರಿಶೀಲಿಸಬಹುದು. ಹಿಂದಿನ ವಿದ್ವಾಂಸನೊಬ್ಬ ಒಂದು ಸಂಗತಿಯನ್ನು "ಪಾಯಿಂಟ್ ಔಟ್" ಮಾಡಿದ್ದಾನೆ ಎಂದು ಬರೆದಾಗ, ಆ ಸಂಗತಿ ನಿಜವೆಂದು ಬರೆಯುವವನೂ ಒಪ್ಪಿದಂತಾಗುತ್ತದೆ. "ಸ್ಟೇಟ್", "ಮೆನ್ಷನ್", "ಕ್ಲೇಮ್" ಎಂದರೆ ಆ ಒಪ್ಪಿಗೆ ಇಲ್ಲ. ಪಾರಸಿಯ ಎಶಾರೆ ಕರ್ದನ್ ತನ್ನ ಕರ್ಮವನ್ನು "ಬೆ" (ಗೆ, ಕಡೆಗೆ) ಎಂಬ ಉಪಸರ್ಗದೊಡನೆ ಪಡೆಯುತ್ತದೆ. ಅದು ಬೆರಳನ್ನು ಸಂಗತಿಯತ್ತ ತೋರಿಸುತ್ತದೆ. ಆದ್ದರಿಂದ ಅದರ ಜಾಡಿನಲ್ಲಿ ಬರುವ ಇಂಗ್ಲಿಷ್ "ಮೆನ್ಷನ್ ಟು" ಎಂಬ ತಪ್ಪು ರೂಪವಾಗುತ್ತದೆ, ಇಲ್ಲವೇ "ರೆಫರ್ ಟು" ಎಂಬ ತಟಸ್ಥ ರೂಪವಾಗುತ್ತದೆ. ಲೇಖಕನು ಒಪ್ಪಿದ್ದಾನೆಯೇ ಇಲ್ಲವೇ ಎಂಬುದು ಓದುಗನಿಗೆ ತಿಳಿಯದೆ ಹೋಗುತ್ತದೆ. ಸಾಹಿತ್ಯ ಸಮೀಕ್ಷೆಯ ಭಾಗ ಬರಿಯ ಪಟ್ಟಿಯಂತಿದೆ, ವಿಮರ್ಶೆಯಿಲ್ಲ ಎಂಬ ಆಕ್ಷೇಪದ ಬೇರು ಕೆಲವೊಮ್ಮೆ ಇಲ್ಲಿರುತ್ತದೆ.

"ರೂಲ್ ಔಟ್" ಮತ್ತು "ರಿಜೆಕ್ಟ್" ಇನ್ನೊಂದು ಜೋಡಿ. ಪಾರಸಿಯ ರದ್ದ್ ಕರ್ದನ್ ಇವೆರಡನ್ನೂ ತನ್ನೊಳಗೆ ಇಟ್ಟುಕೊಳ್ಳಬಲ್ಲುದು. ಇಂಗ್ಲಿಷ್ ಸಂಶೋಧನಾ ಗದ್ಯದಲ್ಲಿ ಪ್ರಾಕ್ಕಲ್ಪನೆಯನ್ನು "ರಿಜೆಕ್ಟ್" ಮಾಡುತ್ತಾರೆ. ಪರ್ಯಾಯ ಕಾರಣವೊಂದರ ಸಾಧ್ಯತೆಯನ್ನು ಸಾಕ್ಷ್ಯದ ಬಲದಿಂದ "ರೂಲ್ ಔಟ್" ಮಾಡುತ್ತಾರೆ. ಈ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂಬ ಎಚ್ಚರದ ವಾಕ್ಯಕ್ಕೆ ಎರಡನೆಯದೇ ಬೇಕು. ಮೊದಲನೆಯದನ್ನು ಬಳಸಿದರೆ ವಿನಯದ ಮಾತು ಸಂಖ್ಯಾಶಾಸ್ತ್ರದ ಮಾತಾಗಿ ತೋರುತ್ತದೆ.

"ಸೆಟ್ ಔಟ್ ಟು" ಎಂಬುದು ಉದ್ದೇಶವನ್ನಷ್ಟೇ ಹೇಳುತ್ತದೆ, ಸಾಧನೆಯನ್ನಲ್ಲ. "ಟರ್ನ್ ಔಟ್" ಎಂಬುದು ಫಲಿತವು ನಿರೀಕ್ಷೆಗಿಂತ ಬೇರೆಯಾಯಿತು ಎಂಬ ಧ್ವನಿಯನ್ನು ಕೊಡುತ್ತದೆ. "ಡ್ರಾ ಆನ್" ಎಂಬುದು ಸಿದ್ಧಾಂತವೊಂದನ್ನು ಆಧಾರವಾಗಿ ಪಡೆದು ಮುಂದುವರಿಯುವುದನ್ನು ಸೂಚಿಸುತ್ತದೆ; "ಯೂಸ್" ಎಂದರೆ ಸಿದ್ಧಾಂತವೂ ಉಪಕರಣದಂತೆ ಕಾಣುತ್ತದೆ. ಇವುಗಳ ಅಭಾವದಲ್ಲಿ ವಾಕ್ಯ ವ್ಯಾಕರಣಬದ್ಧವಾಗಿಯೇ ಇರುತ್ತದೆ. ಆದರೆ ಸಂಶೋಧನೆಯ ಕಥೆಯಲ್ಲಿ ಇದ್ದ ಉದ್ದೇಶ, ಅನಿರೀಕ್ಷಿತ, ಋಣ ಎಲ್ಲವೂ ಒಂದೇ ಮಟ್ಟಕ್ಕೆ ಇಳಿಯುತ್ತವೆ.

ತದ್ವಿರುದ್ಧವಾದ ದೋಷವೂ ಇದೆ. ಸಂಶೋಧನೆಯ ಫಲಿತವನ್ನು ಹೇಳುವಾಗ "ಫೈಂಡ್" ಎಂಬುದು ಸಾಕಾಗುವಲ್ಲಿ "ಫೈಂಡ್ ಔಟ್" ಬರೆಯುವುದು ಹಲವು ಭಾಷಿಕರ ಬರಹದಲ್ಲಿ ಕಾಣಸಿಗುತ್ತದೆ. ಎರಡನೆಯದು ಮಾಹಿತಿಯನ್ನು ವಿಚಾರಿಸಿ ತಿಳಿದುಕೊಳ್ಳುವ ಕ್ರಿಯೆ. ಅಧ್ಯಯನ ತಾನೇ ಹಾಗೆ ಮಾಡಲಾರದು. ಹೆಚ್ಚು ಬಳಸಿ ಎಂಬ ಸಾಮಾನ್ಯ ಸಲಹೆ ಇಂತಹ ತಪ್ಪುಗಳನ್ನು ಹೆಚ್ಚಿಸುತ್ತದೆಯೇ ಹೊರತು ಬರಹವನ್ನು ಸುಧಾರಿಸುವುದಿಲ್ಲ.

ಕನ್ನಡದ ನೆಲೆಯಿಂದ

ಈ ವಿಷಯಕ್ಕೆ ಕನ್ನಡದೊಡನೆ ಎರಡು ನೇರ ಸಂಬಂಧಗಳಿವೆ. ಮೊದಲನೆಯದು ಚಾರಿತ್ರಿಕ. ಬಹಮನಿ, ಆದಿಲ್‌ಶಾಹಿ ಮತ್ತು ನಿಜಾಮರ ಆಳ್ವಿಕೆಗಳಲ್ಲಿ ಪಾರಸಿಯು ಆಡಳಿತದ ಭಾಷೆಯಾಗಿದ್ದ ಕಾಲದಿಂದ ವಸೂಲು, ಜಾರಿ, ಜಮಾ, ಜಪ್ತಿ, ಹಾಜರು, ರದ್ದು ಮೊದಲಾದ ಪದಗಳು ಕನ್ನಡಕ್ಕೆ ಬಂದಿವೆ. ಅವು ಇಲ್ಲಿ ಕ್ರಿಯಾಪದಗಳಾದದ್ದು ಪಾರಸಿಯ ರೀತಿಯಲ್ಲಿಯೇ: ಕರ್ದನ್ ಇದ್ದಲ್ಲಿ ಮಾಡು, ಶೊದನ್ ಇದ್ದಲ್ಲಿ ಆಗು. ಹಾಜರಾಗು, ಜಮಾ ಮಾಡು ಎಂಬಲ್ಲಿ ಪಾರಸಿಯ ಹಾಜೆರ್ ಶೊದನ್, ಜಮ್ ಕರ್ದನ್ ಎಂಬವುಗಳ ಅಚ್ಚು ಸ್ಪಷ್ಟ. ನಾಮಪದಕ್ಕೆ ಮಾಡು ಸೇರಿಸುವ ದಾರಿ ಕನ್ನಡದಲ್ಲಿ ಮೊದಲೇ ಇದ್ದುದರಿಂದ ಈ ಪದಗಳು ಅನಾಯಾಸವಾಗಿ ಬೇರೂರಿದವು. ರದ್ದು ಮಾಡು ಎಂಬುದು ಕನ್ನಡದಲ್ಲಿ ತಿರಸ್ಕರಿಸು ಎಂಬ ಅರ್ಥವನ್ನು ಬಿಟ್ಟು ಊರ್ಜಿತವಿಲ್ಲದಂತೆ ಮಾಡು ಎಂಬ ಅರ್ಥಕ್ಕೆ ಸರಿದಿದೆ.

ಎರಡನೆಯದು ರಚನೆಗೆ ಸಂಬಂಧಿಸಿದ್ದು. ಇಂಗ್ಲಿಷಿನ ಅವ್ಯಯ ಮಾಡುವ ಕೆಲಸದ ಒಂದು ಪಾಲನ್ನು ಕನ್ನಡದಲ್ಲಿ ಬಿಡು, ಹಾಕು, ಹೋಗು, ಬರು, ಕೊಳ್ಳು ಎಂಬ ಅನುಕ್ರಿಯಾಪದಗಳು ಮಾಡುತ್ತವೆ: ತಿಂದುಬಿಡು, ಮುಳುಗಿಹೋಗು, ಕಂಡುಬರು, ಅಳವಡಿಸಿಕೊಳ್ಳು. ಕನ್ನಡದ ವಿದ್ವತ್ ಗದ್ಯವೂ ಇವುಗಳಲ್ಲಿ ಆಯ್ಕೆ ಮಾಡುತ್ತದೆ. ಪರಿಶೀಲಿಸಿಬಿಡಲಾಗಿದೆ ಎಂದು ಮಹಾಪ್ರಬಂಧದಲ್ಲಿ ಯಾರೂ ಬರೆಯುವುದಿಲ್ಲ. ಕಂಡುಬರುತ್ತದೆ, ತಿಳಿದುಬಂದಿದೆ ಎಂಬವು ಇಲ್ಲದೆ ಮಹಾಪ್ರಬಂಧವೇ ಇಲ್ಲ. ಕನ್ನಡದ ಅನುಕ್ರಿಯಾಪದಗಳೆಲ್ಲ ಆಡುಮಾತು, ಅವನ್ನು ಬರಹದಲ್ಲಿ ಬಿಡಬೇಕು ಎಂದು ಹೊರಗಿನವರಿಗೆ ಕಲಿಸಿದರೆ ಆಗುವ ನಷ್ಟವನ್ನು ಊಹಿಸಿದಾಗ, ಪಾರಸಿ ಭಾಷಿಕರಿಗೆ ಇಂಗ್ಲಿಷಿನಲ್ಲಿ ಆಗುತ್ತಿರುವುದು ಏನೆಂದು ತಿಳಿಯುತ್ತದೆ. ಅವ್ಯಯದ ಬೆಲೆ ಕೈಗೆ ಸಿಗದ ಕಷ್ಟ ಭಾರತದ ಇಂಗ್ಲಿಷಿನಲ್ಲಿಯೂ ಇದೆ. ನಿಭಾಯಿಸು ಎಂಬ ಅರ್ಥದ "ಕೋಪ್ ವಿತ್" ಇಲ್ಲಿ "ಕೋಪ್ ಅಪ್ ವಿತ್" ಆಗಿರುವುದು, ಬೇಡದೆಡೆಯಲ್ಲಿ ಅವ್ಯಯ ಸೇರಿದ್ದಕ್ಕೆ ಪ್ರಸಿದ್ಧ ಉದಾಹರಣೆ.

ಗಡಿನಾಡಿನ ಶಿಕ್ಷಣಕ್ಕೂ ಇದರಿಂದ ಒಂದು ಸೂಚನೆ ದೊರೆಯುತ್ತದೆ. ಕಾಸರಗೋಡಿನಲ್ಲಿ ಮಲಯಾಳವನ್ನೋ ಅಕ್ಕಲಕೋಟೆ, ಜತ್ತಗಳಲ್ಲಿ ಮರಾಠಿಯನ್ನೋ ಹೊಸೂರಿನಲ್ಲಿ ತಮಿಳನ್ನೋ ಬರೆಯುವ ಕನ್ನಡದ ಮಕ್ಕಳ ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯ ಗುರುತುಗಳನ್ನು ಎಣಿಸುವುದರಿಂದ ಅವರ ಭಾಷಾಜ್ಞಾನದ ಅಳತೆ ಪೂರ್ಣವಾಗದು. ಶಾಕ್ಟರ್ ತೋರಿಸಿದಂತೆ, ಹೆಚ್ಚು ತಪ್ಪಿರುವ ಬರಹ ಹೆಚ್ಚು ಧೈರ್ಯದ ಬರಹವಾಗಿರಬಹುದು. ತಪ್ಪಿಲ್ಲದ ಬರಹದಲ್ಲಿ ಏನನ್ನು ಬಿಟ್ಟಿದ್ದಾರೆ ಎಂಬುದನ್ನೂ ನೋಡಬೇಕು.

ಪರಿಹಾರದ ದಿಕ್ಕು

ಪಾರಸಿ ಭಾಷಿಕರ ವಿದ್ವತ್ ಇಂಗ್ಲಿಷಿಗೆ ಬೇಕಾಗಿರುವುದು ಪದಗುಚ್ಛ ಕ್ರಿಯಾಪದಗಳ ಉದ್ದನೆಯ ಪಟ್ಟಿಯಲ್ಲ. ಗಾರ್ನಿಯರ್ ಮತ್ತು ಶ್ಮಿಟ್ 2015ರಲ್ಲಿ 150 ಜೋಡಿಗಳ ನೂರಾರು ಅರ್ಥಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 288 ಅರ್ಥಗಳನ್ನು ಮಾತ್ರ ಆರಿಸಿ ಕೊಟ್ಟರು. ಜೋಡಿಗಿಂತ ಅರ್ಥವನ್ನು ಎಣಿಸಿದ್ದು ಅದರ ಹೆಚ್ಚುಗಾರಿಕೆ. ಸಂಶೋಧನಾ ಬರಹಕ್ಕೆ ಅದನ್ನೂ ಕಿರಿದಾಗಿಸಿ, ನಿಲುವು ಮತ್ತು ತರ್ಕವನ್ನು ಹೊರುವ ಹತ್ತಾರು ಅರ್ಥಗಳನ್ನು ಅವು ಬರುವ ಸ್ಥಳದೊಡನೆ ಕಲಿಸಬಹುದು: ಸಾಹಿತ್ಯ ಸಮೀಕ್ಷೆಯಲ್ಲಿ "ಪಾಯಿಂಟ್ ಔಟ್", ಚರ್ಚೆಯ ಭಾಗದಲ್ಲಿ "ರೂಲ್ ಔಟ್", ಪೀಠಿಕೆಯಲ್ಲಿ "ಸೆಟ್ ಔಟ್". ಪ್ರತಿಯೊಂದರ ಜೊತೆಗೆ ಪಾರಸಿಯ ಸಂಯುಕ್ತ ಕ್ರಿಯಾಪದವನ್ನು ಎದುರಿಗಿಟ್ಟು, ಅದು ಯಾವ ಅರ್ಥವನ್ನು ಕೊಡುತ್ತದೆ, ಯಾವುದನ್ನು ಕೊಡುವುದಿಲ್ಲ ಎಂದು ತೋರಿಸಿದರೆ ತಾಯ್ನುಡಿ ಅಡ್ಡಿಯಾಗದೆ ಆಧಾರವಾಗುತ್ತದೆ. ಎರಡು ಪದಗಳನ್ನು ಕೂಡಿಸಿ ಹೊಸ ಕ್ರಿಯೆ ಕಟ್ಟುವ ವಿದ್ಯೆ ಪಾರಸಿ ಭಾಷಿಕರಿಗೆ ಕಲಿಸಬೇಕಾದದ್ದೇನಲ್ಲ. ಭಾರ ಯಾವ ಪದದ ಮೇಲಿದೆ ಎಂಬುದನ್ನಷ್ಟೇ ತಿಳಿಸಬೇಕು.

ಪರಿಶೀಲಕರಿಗೂ ಇದರಲ್ಲಿ ಪಾಲಿದೆ. ಸಹಜವಾಗಿಲ್ಲ ಎಂದು ಬರೆಯುವ ಮುನ್ನ, ಆ ವಾಕ್ಯದಲ್ಲಿ ಅರ್ಥ ಕೆಟ್ಟಿದೆಯೇ ಅಥವಾ ತಮ್ಮ ಕಿವಿಯ ರೂಢಿಗೆ ಮಾತ್ರ ಅದು ಹೊಂದುತ್ತಿಲ್ಲವೇ ಎಂಬುದನ್ನು ಅವರು ಬೇರ್ಪಡಿಸಬೇಕಾಗುತ್ತದೆ. ಮೊದಲನೆಯದನ್ನು ತಿದ್ದಬೇಕು. ಎರಡನೆಯದಕ್ಕಾಗಿ ಒಂದು ಸಂಶೋಧನೆಯನ್ನು ಹಿಂದಕ್ಕೆ ಕಳುಹಿಸುವುದು ನ್ಯಾಯವಲ್ಲ.